ಮೂರನೆಯ ಕೋವಿ

ಕೋವಿಗಳನ್ನು ಕೂಡಿಡುವ ಹವ್ಯಾಸವುಳ್ಳ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರ ಮನೆ ಉದಕಮಂಡಲದಲ್ಲಿರಬಹುದು, ಗೂಡಲೂರಿನ ಚಹಾ ತೋಟಗಳ ನಡುವೆ ಇರಬಹುದು, ಇಲ್ಲವೇ ಮಸಿನಗುಡಿಯ ಕಾಡಂಚಿನಲ್ಲಿರಬಹುದು. ಬೀಗ ಹಾಕಿದ ಬೀರುವಿನಲ್ಲಿ ತಂದೆಯ ಕಾಲದ ಜೋಡಿ ನಳಿಗೆಯ ಕೋವಿಯೊಂದಿದೆ, .22 ಬೋರಿನ ಸಣ್ಣ ರೈಫಲೊಂದಿದೆ. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಖಾಲಿಯಾಗಿದೆ. ಆ ಜಾಗಕ್ಕೆ ಯಾವ ಬೋರಿನದನ್ನು ತರುವುದು ಎಂಬುದೇ ಅವರ ಮನಸ್ಸನ್ನು ಸಂಜೆಗಳಲ್ಲಿ ಕೊರೆಯುವ ಪ್ರಶ್ನೆ. ಅವರು ಕೆಡುಕರಲ್ಲ. ಯಾರನ್ನೂ ಹೆದರಿಸುವವರಲ್ಲ, ಕದ್ದು ಬೇಟೆಯಾಡುವವರೂ ಅಲ್ಲ. ಅಂಚೆಚೀಟಿ ಕೂಡಿಸುವವನು ಒಂದು ಸರಣಿಯಲ್ಲಿ ಸಿಗದೆ ಉಳಿದ ಚೀಟಿಯನ್ನು ಹುಡುಕುವ ಹಾಗೆ ಅವರು ತಮ್ಮ ಸಾಲಿನಲ್ಲಿ ಇಲ್ಲದ ಒಂದು ಅಂಕಿಯನ್ನು ಹುಡುಕುತ್ತಿದ್ದಾರೆ, ಅಷ್ಟೆ. ಈ ಹುಡುಕಾಟದಲ್ಲಿ ತಪ್ಪೇನಿದೆ ಎಂದು ಅವರು ನಮ್ಮನ್ನು ಕೇಳಿದರೆ ನಾವು ಏನು ಹೇಳಬೇಕು? ಸಾಹಿತ್ಯದ ಸಮ್ಮೇಳನಕ್ಕೂ ಈ ಪ್ರಶ್ನೆಗೂ ಏನು ನಂಟೆಂದು ಕೆಲವರಿಗೆ ತೋರಬಹುದು. ಆದರೆ ನೀಲಗಿರಿಯಲ್ಲಿ ಬಾಳುವ ನಮಗೆ ಕೋವಿಯೆಂಬುದು ದೂರದ ವಸ್ತುವಲ್ಲ. ನಮ್ಮ ಬೆಟ್ಟಗಳ ಎರಡು ಶತಮಾನಗಳ ಚರಿತ್ರೆಯಲ್ಲಿ ಅದರ ಹೊಗೆ ಹರಡಿಕೊಂಡಿದೆ.

ಮೊದಲು ಬೋರ್ ಅಥವಾ ಕ್ಯಾಲಿಬರ್ ಎಂದರೇನೆಂದು ಹೇಳಿಬಿಡೋಣ. ಅದು ನಳಿಗೆಯ ಒಳವ್ಯಾಸದ ಅಳತೆ, ಹಳೆಯ ಇಂಗ್ಲಿಷ್ ಪದ್ಧತಿಯಂತೆ ಇಂಚಿನ ಭಾಗಗಳಲ್ಲಿ. .22 ಎಂದರೆ ಸುಮಾರು ಐದೂವರೆ ಮಿಲಿಮೀಟರು; .275 ಎಂದರೆ ಏಳು; .315 ಎಂದರೆ ಎಂಟು; .470 ಎಂದರೆ ಹನ್ನೆರಡರ ಹತ್ತಿರ. ಒಂದಕ್ಕಿಂತ ಇನ್ನೊಂದರ ಗುಂಡು ಭಾರ, ಮದ್ದು ಹೆಚ್ಚು, ಭುಜಕ್ಕೆ ಬೀಳುವ ಒದೆ ಬಲವಾದುದು. ಸಂಗ್ರಾಹಕನು ತೂಗಿ ನೋಡುವ ವಿಷಯಗಳು ಸಾಮಾನ್ಯವಾಗಿ ಇವೇ: ತೋಟಾ ಸಿಗುತ್ತದೆಯೇ, ಎಷ್ಟು ದೂರದವರೆಗೆ ಗುಂಡು ನೇರವಾಗಿ ಹೋಗುತ್ತದೆ, ನಳಿಗೆಯೊಳಗಿನ ತಿರುಚುಗೆರೆ ಸವೆದಿಲ್ಲವಷ್ಟೆ, ಆ ಬೋರಿಗೊಂದು ಚರಿತ್ರೆಯಿದೆಯೇ. ಕೊನೆಯದು ಕೆಲವರಿಗೆ ಎಲ್ಲಕ್ಕಿಂತ ಮುಖ್ಯ. ಕಾರ್ಬೆಟ್ಟರ ಕೈಯಲ್ಲಿದ್ದುದು .275; ಚಂಪಾವತದ ನರಭಕ್ಷಕ ಹೆಣ್ಣು ಹುಲಿಯನ್ನು 1907ರಲ್ಲಿ ಕೊಂದುದಕ್ಕೆ ಬಂದ ಬಹುಮಾನ. ಬೆಂಗಳೂರಿನ ಕೆನೆತ್ ಆಂಡರ್ಸನ್ನರು ನಮ್ಮ ಸೀಗೂರಿನ ಕಾಡುಗಳಲ್ಲಿ ಅಲೆದಾಗ ಹೆಗಲಿಗಿದ್ದುದು .405 ವಿಂಚೆಸ್ಟರ್. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರನ್ನು ಕನ್ನಡಕ್ಕೆ ತಂದ ಮೇಲೆ ಆ ಅಂಕಿಗಳಿಗೆ ಕನ್ನಡ ಓದುಗರ ಮನಸ್ಸಿನಲ್ಲಿಯೂ ಒಂದು ಬಗೆಯ ಪ್ರಭಾವಳಿ ಮೂಡಿತು. ಹುಡುಗರಾಗಿ ಆ ಕಥೆಗಳನ್ನು ಓದಿದ ನಮ್ಮಲ್ಲಿ ಅನೇಕರಿಗೆ ಹುಲಿಗಿಂತ ಮೊದಲು ನೆನಪಾಗುವುದು ರೈಫಲು ಎಂದರೆ ಅತಿಶಯವಲ್ಲ.

ಈಗ ಆ ಅಂಕಿಗಳನ್ನು ಇನ್ನೊಂದು ಬದಿಯಿಂದ ನೋಡೋಣ. .22 ಏಕೆ ಅಷ್ಟು ಸಣ್ಣದು? ಮೊಲಕ್ಕೆ, ಹಕ್ಕಿಗೆ ಅಷ್ಟು ಸಾಕು. .275 ಏಕೆ ಅದಕ್ಕಿಂತ ದೊಡ್ಡದು? ಜಿಂಕೆಯ ಎದೆಗೂಡು ಮೊಲದ್ದಕ್ಕಿಂತ ದೊಡ್ಡದು. .470 ಅಷ್ಟು ಭಾರವಾಗಿರುವುದೇಕೆ? ಕಾಟಿಯ ಹೆಗಲೆಲುಬನ್ನೂ ಆನೆಯ ತಲೆಬುರುಡೆಯನ್ನೂ ಅದು ದಾಟಬೇಕು. ಎಂದರೆ ಈ ಅಂಕಿಗಳು ಮೇಲ್ನೋಟಕ್ಕೆ ಉಕ್ಕಿನ ಅಳತೆಗಳು. ಅವು ಹುಟ್ಟಿದ್ದು ಮಾತ್ರ ಮೈಗಳ ಅಳತೆಯಿಂದ. ದರ್ಜಿಯು ಮೈಯ ಅಳತೆಗೆ ಅಂಗಿ ಹೊಲಿಯುವಂತೆ ಕೋವಿಕಾರನು ಮೈಯ ಅಳತೆಗೆ ನಳಿಗೆ ಕೊರೆದ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದ ರೈಫಲುಗಳ ಬೀರು ಹಾಗಾಗಿ ಒಂದು ಅಡವಿಯ ಪಟ್ಟಿಯೇ ಹೌದು: ಇದು ಮೊಲ, ಇದು ಕಡವೆ, ಇದು ಹುಲಿ, ಇದು ಆನೆ. ಸಾಲಿನಲ್ಲಿ ಖಾಲಿ ಜಾಗವಿದೆ ಎಂದು ಸಂಗ್ರಾಹಕನಿಗೆ ಅನಿಸುವುದರ ಅರ್ಥ, ಯಾವುದೋ ಒಂದು ಪ್ರಾಣಿಗೆ ತಕ್ಕ ಸಾಧನ ತನ್ನಲ್ಲಿಲ್ಲ ಎಂಬುದೇ. ಹೀಗೆ ಹೇಳಿದರೆ ಅವರು ನೊಂದುಕೊಂಡಾರು. ಆದರೂ ಇದನ್ನು ಅಲ್ಲಗಳೆಯುವುದು ಸುಲಭವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಪಟ್ಟಿಯ ಪ್ರಾಣಿಗಳ ಮೇಲೆ ಗುಂಡು ಹಾರಿಸುವ ಹಕ್ಕು ಸಾಮಾನ್ಯ ನಾಗರಿಕನಿಗೆ ಉಳಿದಿಲ್ಲ. ಪ್ರಾಣಿಗಳು ಪಟ್ಟಿಯಿಂದ ಆಚೆ ಹೋದವು, ಅಂಕಿಗಳು ಬೀರುವಿನಲ್ಲಿಯೇ ಉಳಿದವು.

ಅಂಕಿಗಳೆಲ್ಲ ಮೈಗಳಿಂದಷ್ಟೇ ಬಂದವೆಂದೂ ಹೇಳಲಾಗದು. ಕೆಲವು ಭಯದಿಂದ ಹುಟ್ಟಿದವು, ಅದೂ ಮೃಗಭಯವಲ್ಲ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಬೋರು .450ರದು. ಬಂಡಾಯಗಾರರ ಕೈಗೆ ಸಿಕ್ಕ ಅಂತಹ ಬಂದೂಕುಗಳಿಗೆ ಶಿಕಾರಿಯ ತೋಟಾಗಳಿಂದ ಮದ್ದುಗುಂಡು ಒದಗೀತೆಂಬ ಅಂಜಿಕೆಯಿಂದ ಸರ್ಕಾರವು 1907ರ ಹೊತ್ತಿಗೆ ಆ ಬೋರನ್ನು ಹಿಂದುಸ್ತಾನಕ್ಕೆ ತರುವುದನ್ನು ತಡೆಯಿತು. ಲಂಡನ್ನಿನ ಕೋವಿ ತಯಾರಕರು ಕೂಡಲೇ .465, .470, .475 ಎಂದು ಕೂದಲೆಳೆಯಷ್ಟು ದೊಡ್ಡದಾದ ಹೊಸ ಬೋರುಗಳನ್ನು ಹೊರತಂದರು. ಇಂದು ಹಣವಂತ ಸಂಗ್ರಾಹಕರು ಪರಿಪೂರ್ಣವೆಂದು ಕೊಂಡಾಡುವ .470ರ ಜಾತಕ ಇದು. ಸೈನ್ಯದ .303 ಪ್ರಜೆಗಳಿಗೆ ದಕ್ಕಬಾರದೆಂಬ ಕಟ್ಟಿನಿಂದಲೇ .315 ನಮ್ಮ ದೇಶದಲ್ಲಿ ನೆಲೆಯೂರಿತು. ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯು ಸ್ವಾತಂತ್ರ್ಯಾನಂತರವೂ ಅದನ್ನೇ ಸಾರ್ವಜನಿಕರಿಗೆ ಮಾಡಿಕೊಡುತ್ತ ಬಂದಿತು. ಇದಕ್ಕೂ ಹಿಂದೆ, 1878ರ ಆಯುಧ ಕಾಯಿದೆಯು ಭಾರತೀಯನು ಪರವಾನಗಿಯಿಲ್ಲದೆ ಕೋವಿ ಹಿಡಿಯಬಾರದೆಂದು ವಿಧಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರೇ ಆ ಕಾಯಿದೆಯನ್ನು ಕಟುವಾಗಿ ಖಂಡಿಸಿದ್ದರೆಂಬುದು ಅನೇಕರಿಗೆ ಸೋಜಿಗ ತಂದೀತು. ಅವರ ತಕರಾರು ಸರಿಯಾದುದೆಂದೇ ನಮ್ಮ ಎಣಿಕೆ. ಬಲವಂತದಿಂದ ಬರಿಗೈಯಾದವನನ್ನು ಅಹಿಂಸಾವ್ರತಿಯೆಂದು ಕರೆಯಲು ಬರುವುದಿಲ್ಲ.

ಸ್ವತಂತ್ರ ಭಾರತದ ಕಾಯಿದೆಯೂ ಎಣಿಕೆಗೆ ಕೈಹಾಕಿದೆ. 1959ರ ಆಯುಧ ಕಾಯಿದೆಯಲ್ಲಿ ಮೊದಲು ಒಬ್ಬನಿಗೆ ಇಷ್ಟೇ ಎಂಬ ಮಿತಿಯಿರಲಿಲ್ಲ. 1983ರ ತಿದ್ದುಪಡಿ ಮೂರು ಎಂದಿತು. 2019ರಲ್ಲಿ ಬಂದ ಮಸೂದೆಯು ಒಂದೇ ಎಂದು ಹೊರಟಿತ್ತು; ಚರ್ಚೆ, ಆಕ್ಷೇಪಗಳ ನಡುವೆ ಎರಡಕ್ಕೆ ಬಂದು ನಿಂತಿತು. ಎರಡಕ್ಕಿಂತ ಹೆಚ್ಚು ಇದ್ದವರು ವರ್ಷದೊಳಗೆ ಹೆಚ್ಚಿನದನ್ನು ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಮಿತಿ. ನಮ್ಮ ಗೃಹಸ್ಥರ ಖಾಲಿ ಜಾಗ ಹೀಗೆ ಕಾನೂನಿನ ಪ್ರಕಾರ ಇಲ್ಲವೇ ಇಲ್ಲ. ಹೊಸದೊಂದು ಬರಬೇಕಾದರೆ ಇರುವ ಎರಡರಲ್ಲಿ ಒಂದು ಹೋಗಬೇಕು: ತಂದೆಯದು, ಇಲ್ಲವೇ ತಾವು ಗುರಿ ಕಲಿತದ್ದು.

ಇಲ್ಲಿಗೆ ಪ್ರಶ್ನೆ ಮುಗಿಯಿತೆಂದು ಹೇಳುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ಮೂರು, ಒಂದು, ಎರಡು ಎಂದು ಚೌಕಾಸಿಯಿಂದ ಬಂದ ಸಂಖ್ಯೆಯೊಂದು ಮನುಷ್ಯನ ಕೈಯನ್ನು ತಡೆದೀತು, ಅವನ ಬಯಕೆಗೆ ಉತ್ತರ ಕೊಡಲಾರದು. ನಾಳೆ ಕಾಯಿದೆ ಬದಲಾಗಿ ಹತ್ತು ಇಟ್ಟುಕೊಳ್ಳಬಹುದೆಂದಾದರೆ ಹತ್ತೂ ಸರಿಯಾಗಿಬಿಡುವುದೇ?

ಕನ್ನಡ ನಾಡಿನ ಜೈನಧರ್ಮವು ಈ ವಿಷಯವನ್ನು ನಮಗಿಂತ ಬಹಳ ಹಿಂದೆ ಸೂಕ್ಷ್ಮವಾಗಿ ಯೋಚಿಸಿತ್ತು. ಗೃಹಸ್ಥನಿಗೆ ಅದು ಸರ್ವತ್ಯಾಗವನ್ನು ವಿಧಿಸಲಿಲ್ಲ. ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹೇಳಿತು: ಇಷ್ಟು ಹೊಲ, ಇಷ್ಟು ಧಾನ್ಯ, ಇಷ್ಟು ಪಾತ್ರೆ, ಇದಕ್ಕಿಂತ ಹೆಚ್ಚು ನನಗೆ ಬೇಡ ಎಂದು ತಾನೇ ಗೆರೆ ಎಳೆದುಕೊಳ್ಳುವುದು. ಗೆರೆ ಎಲ್ಲಿ ಎಂಬುದಕ್ಕಿಂತ ಅದನ್ನು ಎಳೆದವರು ಯಾರು ಎಂಬುದು ಅಲ್ಲಿ ಮುಖ್ಯ. ಇದರ ಜೊತೆಗೆ ಅನರ್ಥದಂಡವ್ರತವೆಂಬ ಇನ್ನೊಂದಿದೆ; ಪ್ರಯೋಜನವಿಲ್ಲದ ಕೇಡಿನಿಂದ ದೂರವಿರುವುದು ಅದರ ತಿರುಳು. ಸಮಂತಭದ್ರಾಚಾರ್ಯರ ಶ್ರಾವಕಾಚಾರ ಗ್ರಂಥವು ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುವಾಗ ಹಿಂಸೆಯ ಉಪಕರಣಗಳನ್ನು ಇತರರಿಗೆ ಕೊಡುವುದನ್ನು ಒಂದೆಂದೂ, ಕೆಟ್ಟದ್ದನ್ನು ಕುರಿತು ಸುಮ್ಮನೆ ಧ್ಯಾನಿಸುತ್ತಿರುವುದನ್ನು ಇನ್ನೊಂದೆಂದೂ ಎಣಿಸುತ್ತದೆ. ಹೊಲ ಕಾಯುವವನ ಹಿಂಸೆಗೂ ಬಿಡುವಿನವನ ಹಿಂಸೆಗೂ ಆ ಶಾಸ್ತ್ರಕಾರರು ಮಾಡಿದ ಭೇದ ನಮ್ಮ ಈಗಿನ ವಾದವಿವಾದಗಳಲ್ಲಿ ಅಪರೂಪವಾಗಿ ಕಾಣುತ್ತದೆ.

ಸಂಗ್ರಾಹಕನು ಇಲ್ಲಿ ತನ್ನ ಬಲವಾದ ವಾದವನ್ನು ಮುಂದಿಡುತ್ತಾನೆ. ನಾನು ಅದನ್ನು ಹಾರಿಸುವುದೇ ಇಲ್ಲವಲ್ಲ; ಎಣ್ಣೆ ಸವರಿ, ಒರೆಸಿ, ನೋಡಿ ಮತ್ತೆ ಇಡುತ್ತೇನೆ; ಯಾವ ಜೀವಕ್ಕೆ ನೋವಾಯಿತು? ಇದಕ್ಕೆ ಕನ್ನಡದಲ್ಲಿಯೇ ಒಂದು ಉತ್ತರವಿದೆ. ಜನ್ನನ ಯಶೋಧರ ಚರಿತೆಯ ರಾಜನು ಜೀವಂತ ಕೋಳಿಯನ್ನು ಬಲಿ ಕೊಡಲು ಒಲ್ಲದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಷ್ಟಕ್ಕೇ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಬೇಯಬೇಕಾಗುತ್ತದೆ. ಕಡಿದದ್ದು ಹಿಟ್ಟಾದರೂ ಸಂಕಲ್ಪ ಕೊಲ್ಲುವುದೇ ಆಗಿತ್ತಲ್ಲ ಎಂಬುದು ಕವಿಯ ನಿಲುವು. ಸುಮಾರು ಎಂಟುನೂರು ವರ್ಷಗಳ ಹಿಂದಿನ ಈ ಕಾವ್ಯವನ್ನು ಬೀರುವಿನ ರೈಫಲಿನ ಮುಂದಿಟ್ಟರೆ ಅದು ಹಿಟ್ಟಿನ ಕೋಳಿಯಂತೆಯೇ ಕಾಣುತ್ತದೆ: ಎಂದೂ ನಡೆಯದ ಕೊಲೆಯೊಂದರ ಚೆಂದದ ಸಾಧನ.

ಆದರೂ ಜನ್ನನ ತೀರ್ಪನ್ನು ಇಡಿಯಾಗಿ ಸಂಗ್ರಾಹಕನ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ರಾಜನ ಕೈಯಲ್ಲಿ ಕತ್ತಿ ಎತ್ತಿತ್ತು. ಸಂಗ್ರಾಹಕನು ನೋಡುತ್ತಿರುವುದು ವಾಲ್ನಟ್ ಮರದ ಹಿಡಿಯ ಗೆರೆಗಳನ್ನು, ಉಕ್ಕಿನ ಮೇಲಿನ ಕೆತ್ತನೆಯನ್ನು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಬೋಲ್ಟನ್ನು. ಕುಶಲಕರ್ಮಿಯೊಬ್ಬನ ಕೈಗೆ ಸಲ್ಲುವ ಗೌರವ ಅದು. ಮ್ಯೂಸಿಯಮ್ಮಿನ ಕತ್ತಿಯನ್ನು ನೋಡಿ ನಾವು ಮೆಚ್ಚುವುದಿಲ್ಲವೇ? ವ್ಯತ್ಯಾಸ ತಲೆಹಾಕುವುದು ಮುಂದಿನದನ್ನು ಆರಿಸುವ ಗಳಿಗೆಯಲ್ಲಿ. ಇರುವುದನ್ನು ಮೆಚ್ಚುವಾಗ ಕಣ್ಣು ವಸ್ತುವಿನ ಮೇಲಿರುತ್ತದೆ; ಇಲ್ಲದ್ದನ್ನು ಆರಿಸುವಾಗ ‘ಯಾವುದಕ್ಕಾಗಿ’ ಎಂಬ ಮಾತು ಬಂದೇ ಬರುತ್ತದೆ. ಇದು ಕಾಟಿಗೆ ಸಾಕಾದೀತೇ, ಇದು ಮುನ್ನೂರು ಗಜಕ್ಕೆ ತಾಗೀತೇ ಎಂದು ಕೇಳಿಕೊಳ್ಳದೆ ಬೋರನ್ನು ಆರಿಸಿದವರು ವಿರಳ. ಆ ಕ್ಷಣದಲ್ಲಿ ಮನಸ್ಸಿನ ಅಂಗಳಕ್ಕೆ ಒಂದು ಕಾಟಿ ಬಂದು ನಿಂತಿರುತ್ತದೆ.

ನಿಜವಾದ ಕಾಟಿಯೇ ಹೊಲಕ್ಕೆ ಬಂದು ನಿಂತವರ ಮಾತು ಬೇರೆ. ಗೂಡಲೂರು ತಾಲ್ಲೂಕಿನಲ್ಲಿ ಬಾಳೆ, ಶುಂಠಿ, ಅಡಿಕೆ ಬೆಳೆಯುವವನಿಗೆ ಹಂದಿ, ಆನೆ ಎಂಬವು ನೀತಿಶಾಸ್ತ್ರದ ಉದಾಹರಣೆಗಳಲ್ಲ. ಮನೆಯವರು ಚಹಾ ತೋಟಕ್ಕೆ ಕೆಲಸಕ್ಕೆ ಹೋಗಿ ಮರಳುವವರೆಗೆ ಬಾಗಿಲಲ್ಲಿ ಕಾಯುವವರ ಮುಂದೆ ಅಣುವ್ರತದ ಮಾತಾಡಲು ನಮಗೆ ನಾಲಿಗೆ ಏಳುವುದಿಲ್ಲ. 2014ರ ಜನವರಿಯಲ್ಲಿ ದೊಡ್ಡಬೆಟ್ಟದ ಸುತ್ತ ಮೂವರನ್ನು ಕೊಂದ ಹುಲಿಯನ್ನು ಗುಂಡಿಟ್ಟು ಕೊಲ್ಲಲಾಯಿತು; ಆಗ ಬೇರೆ ದಾರಿ ಕಾಣಲಿಲ್ಲ. 2021ರಲ್ಲಿ ಟಿ-23 ಎಂದು ಹೆಸರಾದ ಹುಲಿ ದೇವರಶೋಲೆ, ಮಸಿನಗುಡಿಗಳ ಕಡೆ ನಾಲ್ವರ ಸಾವಿಗೆ ಕಾರಣವಾದಾಗಲೂ ಮೊದಲು ಬೇಟೆಯ ಆಜ್ಞೆಯೇ ಹೊರಟಿತು. ಕೊಲ್ಲುವುದು ಮೊದಲ ಆಯ್ಕೆಯಾಗಬಾರದೆಂದು ಮದರಾಸು ಹೈಕೋರ್ಟು ಹೇಳಿತು. ಇಪ್ಪತ್ತೊಂದು ದಿನಗಳ ಅಲೆದಾಟದ ಬಳಿಕ ಅಕ್ಟೋಬರ್ 15ರಂದು ಅರಿವಳಿಕೆಯ ಚುಚ್ಚುಮದ್ದು ಹಾರಿಸಿ ಅದನ್ನು ಜೀವಸಹಿತ ಹಿಡಿದು ಮೈಸೂರಿಗೆ ಒಯ್ದರು. ಅಲ್ಲಿಯೂ ಭುಜಕ್ಕೇರಿದ್ದು ಒಂದು ಕೋವಿಯೇ. ನಳಿಗೆಯಲ್ಲಿ ಗುಂಡಿನ ಬದಲು ಸಿರಿಂಜು ಇತ್ತು. ಈ ಎರಡು ಪ್ರಸಂಗಗಳಲ್ಲಿ ಒಂದನ್ನು ಪಾಪವೆಂದೂ ಇನ್ನೊಂದನ್ನು ಪುಣ್ಯವೆಂದೂ ನಾವು ಹಂಚಲಾರೆವು. ಸತ್ತವರ ಮನೆಯವರಿಗೆ ಆ ಇಪ್ಪತ್ತೊಂದು ದಿನಗಳು ಹೇಗೆ ಕಳೆದವೆಂಬುದನ್ನು ಮರೆತು ತೀರ್ಪು ಹೇಳುವುದು ಪೇಟೆಯವರ ಚಾಳಿ. ಅವಶ್ಯಕತೆಗೆ ಒದಗಿದ ಕೋವಿಗೆ ಒಂದು ಕಾಲ, ಒಂದು ಸ್ಥಳ, ಒಂದು ಹೊಣೆ ಇದ್ದವು ಎಂಬುದಷ್ಟೇ ಇಲ್ಲಿ ನಮಗೆ ಬೇಕಾದುದು. ಬೀರುವಿನ ಖಾಲಿ ಜಾಗಕ್ಕೆ ಈ ಮೂರೂ ಇಲ್ಲ.

ಕೋವಿಗಳನ್ನು ಎಣಿಸಿ ಕಿತ್ತುಕೊಂಡರೆ ಕ್ರೌರ್ಯ ನಿಂತೀತೆಂದು ನಂಬುವವರಿಗೂ ಮಸಿನಗುಡಿಯಲ್ಲಿ ಒಂದು ಪಾಠವಿದೆ. 2021ರ ಜನವರಿಯಲ್ಲಿ ಅಲ್ಲಿ ಗಾಯಗೊಂಡು ಊರ ಹತ್ತಿರ ಸುಳಿಯುತ್ತಿದ್ದ ಆನೆಯೊಂದರ ಮೇಲೆ ಉರಿಯುವ ಟಯರನ್ನು ಎಸೆದರು. ಕಿವಿಗೆ ಬೆಂಕಿ ಹತ್ತಿಸಿಕೊಂಡು ಓಡಿದ ಆ ಆನೆ ತೆಪ್ಪಕಾಡಿಗೆ ಚಿಕಿತ್ಸೆಗೆ ಒಯ್ಯುವಾಗ ಸತ್ತಿತು. ಅದಕ್ಕೆ ಪರವಾನಗಿ ಬೇಕಿರಲಿಲ್ಲ, ಬೋರಿನ ಆಯ್ಕೆಯೂ ಬೇಕಿರಲಿಲ್ಲ. ಹಳೆಯ ಶಿಕಾರಿಗಳ ಗುಂಪಿನಲ್ಲಿ ಗಾಯಗೊಂಡ ಮೃಗವನ್ನು ಹಾಗೇ ಬಿಟ್ಟು ಬರುವುದು ನಾಚಿಕೆಗೇಡಿನ ಸಂಗತಿಯಾಗಿತ್ತು. ಟಯರು ಎಸೆದವರಿಗೆ ಅಂತಹ ನಾಚಿಕೆಯ ಪರಿಚಯವೂ ಇದ್ದಂತಿಲ್ಲ. ಇದನ್ನು ನಾವು ಕೋವಿಯ ಪರವಾಗಿ ಹೇಳುತ್ತಿಲ್ಲ. ನಮ್ಮ ಗೃಹಸ್ಥರನ್ನು ಕ್ರೂರರ ಸಾಲಿಗೆ ಸೇರಿಸುವ ಮೊದಲು ಸ್ವಲ್ಪ ತಡೆಯಬೇಕು ಎನ್ನುತ್ತಿದ್ದೇವೆ.

ನಮ್ಮ ಬೆಟ್ಟದವರಿಗೆ ಈ ವಿಷಯದಲ್ಲಿ ತೀರಾ ಶುಭ್ರವಾದ ಬಟ್ಟೆಯೂ ಇಲ್ಲ. ಕೂನೂರಿಗೆ ಸಮೀಪದ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಕಾರ್ಡೈಟ್ ಕಾರ್ಖಾನೆ ನಡೆಯುತ್ತಿದೆ. ಗುಂಡನ್ನು ಮುಂದೂಡುವ ಹೊಗೆಯಿಲ್ಲದ ಮದ್ದು ಅಲ್ಲಿ ತಯಾರಾಗುತ್ತದೆ. ಅದರ ಸೈರನ್ನಿಗೆ ಗಡಿಯಾರ ಸರಿಮಾಡಿಕೊಂಡ ಮನೆಗಳು, ಅದರ ಸಂಬಳದಿಂದ ಮಕ್ಕಳನ್ನು ಓದಿಸಿದ ಸಂಸಾರಗಳು ಈ ಸಂಚಿಕೆಯ ಓದುಗರಲ್ಲಿಯೂ ಇರಬಹುದು. ದೇಶ ಕಾಯುವ ಸೈನ್ಯಕ್ಕೆ ಮದ್ದು ಬೇಕು, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ಆ ಅನ್ನ ಉಂಡವರು ಕೋವಿಯನ್ನು ಕಂಡೊಡನೆ ಮೂಗು ಮುರಿಯುವುದು ಮಾತ್ರ ಒಪ್ಪುವಂಥದ್ದಲ್ಲ.

ಕೊಡಗಿನ ಕಡೆ ಕಣ್ಣು ಹಾಯಿಸಿದರೆ ಕೋವಿಯ ಇನ್ನೊಂದು ಮುಖ ಕಾಣುತ್ತದೆ. ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಇದೆ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಲಾಯಿತು. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂವಿನ ಅಲಂಕಾರ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಅಲ್ಲಿ ಯಾರೂ ಮುಂದಿನ ಬೋರು ಯಾವುದೆಂದು ಕೇಳುವುದಿಲ್ಲ. ಐನ್‌ಮನೆಯ ಕೋವಿ ಒಂದೇ ಆಗಿ, ಹಳೆಯದಾಗಿ, ಯಾರ ಕೈಯಿಂದ ಬಂತೆಂಬ ನೆನಪಿನೊಡನೆ ಇರುವುದರಿಂದಲೇ ಅದಕ್ಕೆ ಆ ಮರ್ಯಾದೆ. ಹತ್ತು ಕೋವಿಗಳಿಗೆ ಹೂವಿಟ್ಟರೆ ಅದು ಬೇರೆಯೇ ಹಬ್ಬವಾದೀತು.

ಗೆರೆ ಎಳೆದುಕೊಳ್ಳುವ ಕೆಲಸ ನಮ್ಮ ನೀಲಗಿರಿಯಲ್ಲಿ ನಡೆದೇ ಇಲ್ಲವೆನ್ನುವಂತಿಲ್ಲ. 1877ರಲ್ಲಿ ಇಲ್ಲಿನ ಶಿಕಾರಿಗಳೇ ಕೂಡಿ ನೀಲಗಿರಿ ಗೇಮ್ ಅಸೋಸಿಯೇಷನ್ ಕಟ್ಟಿದರು. ಎರಡು ವರ್ಷಗಳ ತರುವಾಯ ಬೇಟೆ ಹಾಗೂ ಮೀನುಗಳ ರಕ್ಷಣೆಗೆಂದು ಜಿಲ್ಲೆಗೇ ಒಂದು ಕಾಯಿದೆ ಬಂತು. ತಾವು ಹೊಡೆಯುತ್ತ ಹೋದರೆ ಹೊಡೆಯಲು ಏನೂ ಉಳಿಯದೆಂಬ ಸ್ವಾರ್ಥ ಅದರಲ್ಲಿತ್ತು, ಕಾಡಿನ ಮೂಲನಿವಾಸಿಗಳನ್ನು ಬೇಟೆಯಿಂದ ಹೊರಗಿಟ್ಟ ದರ್ಪವೂ ಇತ್ತು. ಆದರೂ ಆ ಸಂಸ್ಥೆ ಕಾಲಕ್ರಮೇಣ ವನ್ಯಜೀವಿ ಹಾಗೂ ಪರಿಸರ ಸಂಸ್ಥೆಯಾಗಿ ಮಾರ್ಪಟ್ಟಿತು. ವಕೀಲರಾಗಿದ್ದ ಇ. ಆರ್. ಸಿ. ಡೇವಿದಾರ್ ಅವರು ಬೇಟೆಗಾರರಾಗಿ ತೊಡಗಿ, ನೀಲಗಿರಿ ವರೆಯಾಡುಗಳನ್ನು ಎಣಿಸುವವರಾದರು, ಆನೆದಾರಿಗಳ ಕುರಿತು ಬರೆಯುವವರಾದರು. ಸೀಗೂರಿನ ಕಾಡಿನಲ್ಲಿ ‘ಚೀತಲ್ ವಾಕ್’ ಎಂಬ ಮನೆ ಕಟ್ಟಿಕೊಂಡು ಅಲ್ಲಿನ ಬಾಳನ್ನು ಅದೇ ಹೆಸರಿನ ಪುಸ್ತಕದಲ್ಲಿ ದಾಖಲಿಸಿದರು. ಮೂಡಿಗೆರೆಯ ತೇಜಸ್ವಿಯವರು ಕೋವಿಯನ್ನು ಬಲ್ಲವರಾಗಿದ್ದೂ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಗುರಿಯ ಚಟ ಬಿಡದವರಿಗೂ ದಾರಿಯಿದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ನಾಲ್ಕೂವರೆ ಮಿಲಿಮೀಟರಿನ ಏರ್ ರೈಫಲಿನಿಂದ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ನಮ್ಮ ಗೃಹಸ್ಥರ ಬೀರುವಿನಲ್ಲಿರುವ.22 ಬೋರಿನಿಂದಲೇ. ಅಲ್ಲಿ ಬೋರು ಯಾವ ಮೈಯ ಅಳತೆಯೂ ಅಲ್ಲ, ಎದುರಿಗಿರುವುದು ಕಾಗದ.

ಹಾಗಾದರೆ ಆ ಗೃಹಸ್ಥರಿಗೆ ನಮ್ಮ ಮಾತೇನು? ತಂದೆಯ ಜೋಡಿ ನಳಿಗೆಯನ್ನು ಮಾರಿ .315 ತರುವುದು ಬೇಡ. ಹೆಸರಿರುವ ನೆನಪನ್ನು ಕೊಟ್ಟು ಹೆಸರಿಲ್ಲದ ಅಂಕಿಯನ್ನು ಕೊಂಡಂತಾಗುತ್ತದೆ. .22 ಇರಲಿ, ಅದನ್ನು ರೈಫಲ್ ಕ್ಲಬ್ಬಿಗೆ ಒಯ್ದು ಮೊಮ್ಮಗಳಿಗೆ ಉಸಿರು ಹಿಡಿದು ಗುರಿ ನಿಲ್ಲಿಸುವುದನ್ನು ಕಲಿಸಲಿ. ಸಾಲನ್ನು ತುಂಬಲೇಬೇಕೆಂಬ ತಹತಹ ಅಷ್ಟಕ್ಕೆ ತಣಿಯದಿದ್ದರೆ, ತುಂಬಬೇಕಾದ ಖಾಲಿ ಜಾಗ ಇನ್ನೊಂದಿದೆ. ಹಳೆಯ ಶಿಕಾರಿ ಪುಸ್ತಕಗಳಲ್ಲಿ ರೈಫಲಿನ ಬೋರು ಬರೆದಿದೆ, ಹುಲಿಯ ಉದ್ದ ಅಡಿ-ಇಂಚುಗಳಲ್ಲಿ ಬರೆದಿದೆ. ಹೆಜ್ಜೆ ನೋಡಿ ಹುಲಿಯ ಬಳಿಗೆ ಕರೆದೊಯ್ದ ಬೆಟ್ಟಕುರುಂಬನ, ಜೇನುಕುರುಂಬನ, ಇರುಳಿಗನ ಹೆಸರು ಬಹುತೇಕ ಇಲ್ಲ. ಟಿ-23ರ ಜಾಡು ಹಿಡಿದವರಲ್ಲಿಯೂ ಅಂತಹ ಹೆಜ್ಜೆಗಾರರಿದ್ದರು. ಅವರ ಅಜ್ಜಂದಿರು ಯಾವ ದೊರೆಯ ಜೊತೆ ಯಾವ ಹಳ್ಳ ದಾಟಿದರು, ಗಾಯದ ಮೃಗದ ಹಿಂದೆ ಬರಿಗೈಯಲ್ಲಿ ಹೇಗೆ ಹೋದರು ಎಂಬುದನ್ನು ಬಲ್ಲ ಮುದುಕರು ತೆಪ್ಪಕಾಡಿನಲ್ಲಿ, ಮಸಿನಗುಡಿಯಲ್ಲಿ, ಆನೆಕಟ್ಟಿಯಲ್ಲಿ ಇನ್ನೂ ಇದ್ದಾರೆ. ಅವರ ಮಾತು ನಮಗೆ ತಿಳಿಯದ ಭಾಷೆಯೂ ಅಲ್ಲ. ರೈಫಲಿಗೆ ಎತ್ತಿಟ್ಟ ಹಣದಲ್ಲಿ ಒಂದು ಧ್ವನಿಮುದ್ರಣ ಯಂತ್ರವನ್ನೂ ಕೆಲವು ತಿಂಗಳ ಬಸ್ ಚಾರ್ಜನ್ನೂ ಹೊಂದಿಸಬಹುದು. ಮುಂದಿನ ಸಮ್ಮೇಳನದ ಸಂಚಿಕೆಗೆ ಅದರಲ್ಲಿ ನಾಲ್ಕು ಪುಟ ಬಂದರೂ ಸಂಪಾದಕರು ಬೇಡವೆನ್ನಲಾರರು.